ಜೀವಕೋಶದ ಪಾಠ: ಚಿತ್ರಕ್ಕೆ ಮೊದಲು ಸೂಕ್ಷ್ಮದರ್ಶಕ

ನಮ್ಮ ಪ್ರೌಢಶಾಲೆಗಳಲ್ಲಿ ಜೀವಕೋಶದ ಪಾಠವು ಹೆಚ್ಚಾಗಿ ಕಪ್ಪುಹಲಗೆಯ ಮೇಲೆ ಬಿಡಿಸಿದ ದೊಡ್ಡ ಚಿತ್ರವೊಂದರಿಂದ ಆರಂಭವಾಗಿ, ಅದೇ ಚಿತ್ರವನ್ನು ‘ಅಂದವಾಗಿ ಬರೆದು ಭಾಗಗಳನ್ನು ಗುರುತಿಸಿ’ ಎಂಬ ಪರೀಕ್ಷೆಯ ಪ್ರಶ್ನೆಯೊಂದಿಗೆ ಮುಗಿದುಹೋಗುತ್ತದೆ. ಹೀಗೆ ಕಲಿತು ಪೂರ್ಣ ಅಂಕ ಪಡೆದ ವಿದ್ಯಾರ್ಥಿಯನ್ನು ‘ನಿನ್ನ ಅಂಗೈಯಲ್ಲಿ ಜೀವಕೋಶಗಳು ಎಲ್ಲಿವೆ?’ ಎಂದು ಕೇಳಿ ನೋಡಬೇಕು. ‘ರಕ್ತದೊಳಗೆ’ ಎನ್ನುವವರಿದ್ದಾರೆ, ‘ಚರ್ಮದ ಕೆಳಗೆ’ ಎನ್ನುವವರಿದ್ದಾರೆ. ಪಾಯಸದಲ್ಲಿ ದ್ರಾಕ್ಷಿ ಇರುವಂತೆ ದೇಹದಲ್ಲಿ ಅಲ್ಲಲ್ಲಿ ಜೀವಕೋಶಗಳಿವೆ ಎಂದು ಅವರು ತಿಳಿದಿರುತ್ತಾರೆ. ಚರ್ಮ, ಮಾಂಸ, ಮೂಳೆಗಳೆಲ್ಲ ಜೀವಕೋಶಗಳಿಂದಲೇ ಕಟ್ಟಲ್ಪಟ್ಟಿವೆ ಎಂಬುದು ಅವರ ಮನಸ್ಸಿಗೆ ಇಳಿದಿರುವುದಿಲ್ಲ.

ಈ ಕೊರತೆಯನ್ನು ನೀಗಿಸಲು ನಾನು ಅನುಸರಿಸುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಅದರ ತಿರುಳು ಇಷ್ಟೇ: ವಿದ್ಯಾರ್ಥಿಗಳು ಮೊದಲು ಜೀವಕೋಶವನ್ನು ಕಣ್ಣಾರೆ ನೋಡಬೇಕು, ಅದನ್ನು ಅಳೆಯಬೇಕು, ಅದು ಮಾಡುವ ಒಂದು ಕೆಲಸವನ್ನು ಗಮನಿಸಬೇಕು, ಆ ಕೆಲಸವನ್ನು ವಿವರಿಸಲು ಅಗತ್ಯವಾದಾಗ ಮಾತ್ರ ಒಂದೊಂದೇ ಭಾಗದ ಹೆಸರನ್ನು ಕೊಡಬೇಕು. 8 ಮತ್ತು 9ನೆಯ ತರಗತಿಗಳಿಗೆ, 40 ನಿಮಿಷಗಳ ಅವಧಿಯಂತೆ ಏಳೆಂಟು ಅವಧಿಗಳು ಇದಕ್ಕೆ ಸಾಕಾಗುತ್ತವೆ.

ಪಾಠಕ್ಕೆ ಮೊದಲಿನ ಹತ್ತು ನಿಮಿಷ

ಪುಸ್ತಕ ತೆರೆಯುವ ಮೊದಲೇ ಪ್ರತಿಯೊಬ್ಬರಿಗೂ ಅರ್ಧ ಹಾಳೆ ಕೊಟ್ಟು, ‘ಈರುಳ್ಳಿಯ ತೆಳುವಾದ ಚೂರೊಂದನ್ನು ನೂರು ಪಟ್ಟು ದೊಡ್ಡದು ಮಾಡಿ ನೋಡಿದರೆ ಏನು ಕಾಣಬಹುದು? ಊಹಿಸಿ ಬರೆಯಿರಿ’ ಎಂದು ಹೇಳಿರಿ. ಸರಿ ತಪ್ಪುಗಳ ಮಾತನ್ನು ಎತ್ತಬೇಡಿ. ಕೆಲವರು ನೂಲಿನಂತಹ ಗೆರೆಗಳನ್ನು, ಕೆಲವರು ನೀರಿನ ಹನಿಗಳನ್ನು, ಹಿಂದಿನ ತರಗತಿಯ ನೆನಪಿರುವವರು ಪುಸ್ತಕದ ಚಿತ್ರವನ್ನೇ ಬರೆಯುತ್ತಾರೆ. ಈ ಹಾಳೆಗಳನ್ನು ಸಂಗ್ರಹಿಸಿಟ್ಟುಕೊಳ್ಳಿರಿ, ಪಾಠದ ಕೊನೆಯಲ್ಲಿ ಇವು ಬೇಕಾಗುತ್ತವೆ.

ಇದೇ ಹೊತ್ತಿನಲ್ಲಿ ಪದಗಳ ಗೊಂದಲವನ್ನೂ ತಿಳಿಗೊಳಿಸಿಕೊಳ್ಳಬೇಕು. ಕನ್ನಡ ಮಾಧ್ಯಮದ ಮಕ್ಕಳಿಗೆ ‘ಪೊರೆ’ ಎಂಬ ಒಂದೇ ಪದ ಹಲವೆಡೆ ಎದುರಾಗುತ್ತದೆ. ಈರುಳ್ಳಿಯಿಂದ ಬಿಡಿಸುವ ತೆಳು ಪದರವನ್ನು ನಾವು ಪೊರೆ ಎನ್ನುತ್ತೇವೆ, ಮೊಟ್ಟೆಯ ಚಿಪ್ಪಿನ ಒಳಗಿನದನ್ನೂ ಪೊರೆ ಎನ್ನುತ್ತೇವೆ, ಹಾವು ಕಳಚುವುದೂ ಪೊರೆಯೇ. ಕೊನೆಗೆ ಜೀವಕೋಶಕ್ಕೂ ಕೋಶಪೊರೆ ಇದೆ ಎಂದಾಗ, ಈರುಳ್ಳಿಯ ಪೊರೆಯೇ ಕೋಶಪೊರೆ ಎಂದು ಮಕ್ಕಳು ಭಾವಿಸುವುದು ಸಹಜ. ಆದ್ದರಿಂದ ಈರುಳ್ಳಿಯದನ್ನು ‘ತೆಳು ಪದರ’ ಎಂದೇ ಕರೆದು, ‘ಪೊರೆ’ ಎಂಬ ಪದವನ್ನು ಜೀವಕೋಶಕ್ಕಾಗಿ ಮೀಸಲಿಡುವುದು ಒಳ್ಳೆಯದು. ‘ರಸದಾನಿ’ಯೂ ಇಂತಹದೇ ಪದ. ರಕ್ತದಾನಿ ಎಂಬ ಪದವನ್ನು ಕೇಳಿರುವ ಮಕ್ಕಳು ರಸದಾನಿಯನ್ನು ರಸವನ್ನು ದಾನ ಮಾಡುವುದು ಎಂದು ಅರ್ಥೈಸುತ್ತಾರೆ. ಹೂದಾನಿಯಲ್ಲಿರುವ ‘ದಾನಿ’ಯೇ ಇಲ್ಲಿಯೂ ಇದೆ, ಇದು ರಸವನ್ನು ತುಂಬಿಟ್ಟುಕೊಳ್ಳುವ ಪಾತ್ರೆ ಎಂದು ಒಮ್ಮೆ ಹೇಳಿದರೆ ಮತ್ತೆ ಮರೆಯುವುದಿಲ್ಲ. ಕೋಶಕೇಂದ್ರದ ಜೊತೆಗೆ ನ್ಯೂಕ್ಲಿಯಸ್ ಎಂಬ ಪದವನ್ನೂ, ಕೋಶದ್ರವ್ಯದ ಜೊತೆಗೆ ಸೈಟೋಪ್ಲಾಸಂ ಎಂಬುದನ್ನೂ ಆರಂಭದಿಂದಲೇ ಬಳಸಿರಿ, ಏಕೆಂದರೆ ಮುಂದೆ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳುವ ಮಕ್ಕಳು ಪದಗಳ ಅಪರಿಚಯದಿಂದಲೇ ಕಂಗೆಡುವುದನ್ನು ನಾವು ನೋಡುತ್ತಲೇ ಇದ್ದೇವೆ.

ಈರುಳ್ಳಿಯನ್ನು ನೋಡುವ ಬಗೆ

‘ಈರುಳ್ಳಿ ಸಿಪ್ಪೆ’ ಎಂದರೆ ಮಕ್ಕಳು ಹೊರಗಿನ ಒಣ ಸಿಪ್ಪೆಯನ್ನೇ ತರುತ್ತಾರೆ. ನಮಗೆ ಬೇಕಾಗಿರುವುದು ರಸಭರಿತವಾದ ಒಳ ಎಸಳಿನ ಒಳಮೈಯಲ್ಲಿರುವ, ಬಹುಮಟ್ಟಿಗೆ ಪಾರದರ್ಶಕವಾದ ತೆಳು ಪದರ. ಎಸಳನ್ನು ಹಿಂದಕ್ಕೆ ಮುರಿದಾಗ ಅಂಚಿನಲ್ಲಿ ಏಳುವ ಪದರವನ್ನು ಚಿಮುಟದಿಂದ ಎಳೆದು, ಕೂಡಲೇ ನೀರಿಗೆ ಹಾಕಬೇಕು. ತಡಮಾಡಿದರೆ ಒಣಗಿ ಸುರುಳಿ ಸುತ್ತಿಕೊಳ್ಳುತ್ತದೆ. ಗಾಜಿನ ಸ್ಲೈಡಿನ ಮೇಲೆ ಒಂದು ಹನಿ ನೀರಿನಲ್ಲಿ ಅದನ್ನು ಮಡಿಕೆಯಿಲ್ಲದಂತೆ ಹರಡಿ, ಔಷಧದ ಅಂಗಡಿಯಲ್ಲಿ ಸಿಗುವ ಟಿಂಕ್ಚರ್ ಅಯೋಡಿನ್‌ಗೆ ನೀರು ಬೆರೆಸಿ ತಿಳಿಮಾಡಿದ ದ್ರಾವಣದ ಒಂದು ಹನಿಯನ್ನು ಹಾಕಿ, ಕವರ್‌ಸ್ಲಿಪ್ಪನ್ನು ಒಂದು ಬದಿಯಿಂದ ಓರೆಯಾಗಿ ನಿಧಾನವಾಗಿ ಇಳಿಸಬೇಕು. ಹೀಗೆ ಮಾಡದಿದ್ದರೆ ಗಾಳಿಗುಳ್ಳೆಗಳು ಸಿಕ್ಕಿಕೊಳ್ಳುತ್ತವೆ. ದಪ್ಪ ಕಪ್ಪು ಅಂಚಿನ, ದುಂಡಗಿನ ಗುಳ್ಳೆಯನ್ನು ನೋಡಿ ‘ಸಾರ್, ಜೀವಕೋಶ ಸಿಕ್ಕಿತು’ ಎಂದು ಸಂತೋಷಪಡುವವರು ಪ್ರತಿ ವರ್ಷವೂ ಇರುತ್ತಾರೆ. ಆದ್ದರಿಂದ ಬೇಕೆಂದೇ ಗಾಳಿಗುಳ್ಳೆಯಿರುವ ಒಂದು ಸ್ಲೈಡನ್ನು ಮೊದಲೇ ತೋರಿಸಿಬಿಡುವುದು ಉತ್ತಮ.

ಸೂಕ್ಷ್ಮದರ್ಶಕದ ಬಳಕೆಯಲ್ಲಿ ಮೂರು ಸಂಗತಿಗಳನ್ನು ಕಟ್ಟುನಿಟ್ಟಾಗಿ ಪಾಲಿಸಿರಿ. ಕನ್ನಡಿಯನ್ನು ಬೆಳಕಿರುವ ಕಿಟಕಿಯ ಕಡೆಗೆ ತಿರುಗಿಸಬೇಕೇ ಹೊರತು ನೇರವಾಗಿ ಸೂರ್ಯನ ಕಡೆಗೆ ಎಂದಿಗೂ ತಿರುಗಿಸಬಾರದು, ಅದರಿಂದ ಕಣ್ಣಿಗೆ ಅಪಾಯವಿದೆ. ಯಾವಾಗಲೂ ಕಡಿಮೆ ವರ್ಧನೆಯ ಮಸೂರದಿಂದ ಆರಂಭಿಸಬೇಕು. ಮಸೂರವನ್ನು ಸ್ಲೈಡಿನ ಹತ್ತಿರ ತರುವಾಗ ಪಕ್ಕದಿಂದ ನೋಡುತ್ತಾ ತರಬೇಕು, ಬಳಿಕ ಕಣ್ಣಿಟ್ಟು ನೋಡುತ್ತಾ ದೂರ ಸರಿಸುತ್ತಾ ಹೋಗಬೇಕು. ಇಲ್ಲವಾದರೆ ಸ್ಲೈಡೂ ಒಡೆಯುತ್ತದೆ, ಮಸೂರವೂ ಗೀಚಿಹೋಗುತ್ತದೆ. ಐವತ್ತು ಮಕ್ಕಳಿಗೆ ಒಂದೇ ಸೂಕ್ಷ್ಮದರ್ಶಕ ಇರುವ ಶಾಲೆಗಳಲ್ಲಿ ಮೊಬೈಲಿನ ಕ್ಯಾಮೆರಾವನ್ನು ನೇತ್ರಮಸೂರಕ್ಕೆ ಹೊಂದಿಸಿ ಹಿಡಿದು ಚಿತ್ರ ತೆಗೆದು ತೋರಿಸಬಹುದು. ಆದರೆ ಆ ಚಿತ್ರವು ಪೂರಕವಾಗಿರಲಿ, ಪ್ರತಿಯೊಂದು ಮಗುವೂ ಅರ್ಧ ನಿಮಿಷವಾದರೂ ತನ್ನ ಕಣ್ಣಿನಿಂದಲೇ ನೋಡಲಿ. ಭಾರತೀಯ ಮೂಲದ ವಿಜ್ಞಾನಿ ಮನು ಪ್ರಕಾಶ್ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ತಮ್ಮ ಸಹೋದ್ಯೋಗಿಗಳೊಂದಿಗೆ ರೂಪಿಸಿದ ಫೋಲ್ಡ್‌ಸ್ಕೋಪ್ ಎಂಬ ಮಡಿಸಿ ಮಾಡುವ ಕಾಗದದ ಸೂಕ್ಷ್ಮದರ್ಶಕ ಸುಮಾರು 140 ಪಟ್ಟು ವರ್ಧಿಸುತ್ತದೆ. ಅದು ದೊರೆತರೆ ಗುಂಪಿಗೊಂದನ್ನು ಕೊಡಬಹುದು.

ನೋಡಿದ ಮೇಲೆ ಚಿತ್ರ ಬರೆಯಲಿ, ಆದರೆ ‘ಕಂಡದ್ದನ್ನು ಮಾತ್ರ ಬರೆಯಬೇಕು’ ಎಂಬ ನಿಯಮದೊಂದಿಗೆ. ಈ ನಿಯಮದ ಮಹತ್ವ ಅವರ ಹಾಳೆಗಳನ್ನು ತಿದ್ದುವಾಗ ತಿಳಿಯುತ್ತದೆ: ಹಲವರ ಚಿತ್ರದಲ್ಲಿ ಬಿಸಿಲಿನ ನೆರವಿನಿಂದ ಆಹಾರ ತಯಾರಿಸುವ ಹಸಿರು ಹರಿದ್ರೇಣುಗಳು (ಕ್ಲೋರೋಪ್ಲಾಸ್ಟ್), ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾಗಳು ಕಾಣಿಸಿಕೊಂಡಿರುತ್ತವೆ, ಏಕೆಂದರೆ ಪುಸ್ತಕದ ಸಸ್ಯಕೋಶದಲ್ಲಿ ಅವು ಇವೆ. ಆಗ ಬೈಯದೆ ಕೇಳಿರಿ: ‘ಈರುಳ್ಳಿಯ ಈ ಪದರ ಹಸಿರಾಗಿದೆಯೇ? ಈರುಳ್ಳಿ ಗೆಡ್ಡೆ ಬೆಳೆಯುವುದೆಲ್ಲಿ? ಅಲ್ಲಿ ಬಿಸಿಲು ತಲುಪುತ್ತದೆಯೇ? ಬಿಸಿಲೇ ಇಲ್ಲದ ಕಡೆ ಹರಿದ್ರೇಣುವಿಗೆ ಏನು ಕೆಲಸ?’ ರಚನೆ ಮತ್ತು ಕಾರ್ಯದ ಸಂಬಂಧವು ಇಡೀ ತರಗತಿಗೆ ಹೊಳೆಯುವುದು ಈ ನಾಲ್ಕು ಪ್ರಶ್ನೆಗಳ ನಡುವೆ. ಸಸ್ಯಕೋಶ ಎಂಬ ಒಂದೇ ಅಚ್ಚಿನ ವಸ್ತು ಇಲ್ಲ, ಮಾಡುವ ಕೆಲಸಕ್ಕೆ ತಕ್ಕಂತೆ ಕೋಶದ ಸಲಕರಣೆ ಬದಲಾಗುತ್ತದೆ ಎಂಬುದನ್ನು ನಾವು ಹೇಳುವ ಅಗತ್ಯವೇ ಬೀಳುವುದಿಲ್ಲ. ಮರುದಿನ ಹೈಡ್ರಿಲಾ ಎಂಬ ಜಲಸಸ್ಯದ ಒಂದು ಎಳೆಯ ಎಲೆಯನ್ನು ಯಾವ ಬಣ್ಣವನ್ನೂ ಹಾಕದೆ ನೀರಿನಲ್ಲಿಟ್ಟು ತೋರಿಸಿರಿ. ಕೆರೆಗಳಲ್ಲಿಯೂ, ಅಕ್ವೇರಿಯಂ ಅಂಗಡಿಗಳಲ್ಲಿಯೂ ಸಿಗುವ ಈ ಗಿಡದ ಎಲೆ ಎರಡೇ ಪದರ ಕೋಶಗಳಷ್ಟು ತೆಳುವಾಗಿರುವುದರಿಂದ ಕತ್ತರಿಸುವ ಕಷ್ಟವಿಲ್ಲ. ಹಸಿರು ಹರಿದ್ರೇಣುಗಳು ಕೋಶದ ಅಂಚಿನುದ್ದಕ್ಕೂ ಸಾಲಾಗಿ ಹರಿಯುತ್ತಿರುವುದು ಕಂಡಾಗ ತರಗತಿಯಲ್ಲಿ ಉಂಟಾಗುವ ಮೌನ ನನಗೆ ಬಹಳ ಅಮೂಲ್ಯವಾದದ್ದು. ಕೋಶದ್ರವ್ಯವು ನಿಂತ ನೀರಲ್ಲ, ಅದು ಚಲಿಸುತ್ತಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಶಾಲೆಯಲ್ಲಿ ಸಿಗುವುದಿಲ್ಲ.

ಕೆನ್ನೆಯ ಒಳಭಾಗದ ಕೋಶಗಳಿಗೆ ಮೆಥಿಲೀನ್ ನೀಲಿ ಬಣ್ಣ ಬಳಸಿರಿ. ಪ್ರತಿಯೊಬ್ಬರೂ ತಮ್ಮ ಕೆನ್ನೆಯನ್ನು ಮಾತ್ರ, ಹೊಸ ಹತ್ತಿಕಡ್ಡಿಯಿಂದ ಮೃದುವಾಗಿ ಸವರಬೇಕು. ಬಳಸಿದ ಕಡ್ಡಿಯನ್ನೂ ಸ್ಲೈಡನ್ನೂ ಸೋಂಕುನಿವಾರಕದಲ್ಲಿ ಹಾಕಬೇಕು. ರಕ್ತದ ಕೋಶಗಳನ್ನು ತೋರಿಸಲೆಂದು ಮಕ್ಕಳ ಬೆರಳು ಚುಚ್ಚುವ ಕೆಲಸವನ್ನು ಯಾವ ಕಾರಣಕ್ಕೂ ಮಾಡಬಾರದು.

ಇತಿಹಾಸವನ್ನು ನಾನು ಇಲ್ಲಿಯವರೆಗೆ ತಡೆದಿಟ್ಟುಕೊಳ್ಳುತ್ತೇನೆ. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ (ಕಾರ್ಕ್) ಚೂರಿನಲ್ಲಿ ಕಂಡದ್ದು ಸತ್ತ ಕೋಶಗಳ ಭಿತ್ತಿಗಳನ್ನು ಮಾತ್ರ. ಕೋಶಕೇಂದ್ರವನ್ನು ರಾಬರ್ಟ್ ಬ್ರೌನ್ ಗುರುತಿಸಿ ಹೆಸರಿಟ್ಟದ್ದು 1831ರಲ್ಲಿ. ಅಯೋಡಿನ್ ಹಾಕಿ ಕೋಶಕೇಂದ್ರವನ್ನು ನೋಡಿದ ಮಕ್ಕಳಿಗೆ, ಈ ಎರಡು ಇಸವಿಗಳ ನಡುವೆ 166 ವರ್ಷಗಳಿವೆ ಎಂಬುದನ್ನು ತಾವೇ ಕಳೆದು ನೋಡಿದಾಗ ಆಶ್ಚರ್ಯವಾಗುತ್ತದೆ. ಜೀವಿಗಳೆಲ್ಲ ಕೋಶಗಳಿಂದಾಗಿವೆ, ಹೊಸ ಕೋಶಗಳು ಹುಟ್ಟುವುದು ಇರುವ ಕೋಶಗಳಿಂದಲೇ ಎನ್ನುವ ಶ್ಲೀಡನ್, ಶ್ವಾನ್ ಮತ್ತು ವಿರ್ಶೋ ಅವರ ಕೋಶ ಸಿದ್ಧಾಂತದ ಭಾಗಕ್ಕೆ ಹತ್ತು ನಿಮಿಷ ಸಾಕು.

ಅಳತೆ

ಜೀವಕೋಶ ‘ತುಂಬಾ ಚಿಕ್ಕದು’ ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ. ಪಾರದರ್ಶಕ ಅಳತೆಪಟ್ಟಿಯನ್ನು ಸೂಕ್ಷ್ಮದರ್ಶಕದ ವೇದಿಕೆಯ ಮೇಲಿಟ್ಟು, 10 ಪಟ್ಟಿನ ನೇತ್ರಮಸೂರ ಮತ್ತು 4 ಪಟ್ಟಿನ ವಸ್ತುಮಸೂರದಲ್ಲಿ ನೋಡಿದರೆ ಕಾಣುವ ವೃತ್ತದ ಅಡ್ಡಳತೆ ಎಷ್ಟು ಮಿಲಿಮೀಟರ್ ಎಂದು ಎಣಿಸಬಹುದು. ಅದು 4.5 ಮಿ.ಮೀ. ಇದೆ ಎಂದುಕೊಳ್ಳಿರಿ. 10 ಪಟ್ಟಿನ ವಸ್ತುಮಸೂರಕ್ಕೆ ಬದಲಾಯಿಸಿದಾಗ ವೃತ್ತವು ಅದೇ ಪ್ರಮಾಣದಲ್ಲಿ ಕಿರಿದಾಗಿ 1.8 ಮಿ.ಮೀ. ಆಗುತ್ತದೆ. ಆ ವೃತ್ತದಲ್ಲಿ ಈರುಳ್ಳಿಯ ಆರು ಕೋಶಗಳು ಉದ್ದುದ್ದವಾಗಿ ಹಿಡಿದರೆ ಒಂದೊಂದರ ಉದ್ದ 0.3 ಮಿ.ಮೀ., ಅಂದರೆ 300 ಮೈಕ್ರೋಮೀಟರ್. ಮಕ್ಕಳು ತಾವೇ ಅಳೆದು ಪಡೆದ ಸಂಖ್ಯೆ ಇದು. ಬೇರೆ ಬೇರೆ ಗುಂಪುಗಳಿಗೆ ಬೇರೆ ಬೇರೆ ಉತ್ತರ ಬರುವುದು ತಪ್ಪಲ್ಲ, ಕೋಶಗಳ ಗಾತ್ರದಲ್ಲಿಯೂ ವ್ಯತ್ಯಾಸವಿದೆ.

ಈಗ ಈ ಕೋಶವನ್ನು 6 ಮೀಟರ್ ಉದ್ದದ ತರಗತಿಯ ಕೋಣೆಯಷ್ಟಕ್ಕೆ ಹಿಗ್ಗಿಸೋಣ ಎಂದು ಹೇಳಿರಿ. ಅದು 20,000 ಪಟ್ಟು ಹಿಗ್ಗಿದಂತಾಯಿತು. ಅದೇ ಪ್ರಮಾಣದಲ್ಲಿ ನಮ್ಮ ಕೆನ್ನೆಯ ಕೋಶ ಸುಮಾರು ಒಂದು ಮೀಟರಿನ ಚಾಪೆಯ ಚೂರಿನಂತಿರುತ್ತದೆ, ಏಳೂವರೆ ಮೈಕ್ರೋಮೀಟರಿನ ಕೆಂಪು ರಕ್ತಕಣ 15 ಸೆಂ.ಮೀ. ಅಗಲದ ಪೂರಿಯಷ್ಟಾಗುತ್ತದೆ. ಒಂದು ಮೈಕ್ರೋಮೀಟರಿನ ಬ್ಯಾಕ್ಟೀರಿಯಾ 2 ಸೆಂ.ಮೀ.ನ ಸಣ್ಣ ಅಡಿಕೆ; ಮೈಟೋಕಾಂಡ್ರಿಯದ ದಪ್ಪವೂ ಹೆಚ್ಚುಕಡಿಮೆ ಅಷ್ಟೇ ಅಥವಾ ಅದರ ಅರ್ಧ. ಪ್ರೋಟೀನ್ ತಯಾರಿಸುವ ಕಣವಾದ ರೈಬೋಸೋಮ್ ರಾಗಿ ಕಾಳಿನ ಅರ್ಧದಷ್ಟೂ ಇರುವುದಿಲ್ಲ. ಇಷ್ಟು ದೊಡ್ಡ ಕೋಣೆಯ ಕೋಶಪೊರೆಯ ದಪ್ಪವಾದರೋ ಒಂದು ಡ್ರಾಯಿಂಗ್ ಹಾಳೆಯಷ್ಟು ಮಾತ್ರ. ಕೋಣೆಯಲ್ಲಿ ಅಡಿಕೆಯನ್ನೂ ರಾಗಿಯನ್ನೂ ನಿಜವಾಗಿಯೇ ಇಟ್ಟು ತೋರಿಸಿದರೆ, ಶಾಲೆಯ ಸೂಕ್ಷ್ಮದರ್ಶಕದಲ್ಲಿ ರೈಬೋಸೋಮ್ ಏಕೆ ಕಾಣುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆ. ಬೆಳಕಿನ ಸೂಕ್ಷ್ಮದರ್ಶಕಕ್ಕೆ ಸುಮಾರು 0.2 ಮೈಕ್ರೋಮೀಟರಿಗಿಂತ ಚಿಕ್ಕ ವಿವರಗಳನ್ನು ಬಿಡಿಸಿ ತೋರಿಸಲು ಆಗದು. ಅವುಗಳನ್ನು ಕಾಣಿಸಿದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. ನಾವು ನೋಡಿದ್ದು ಯಾವುದು, ಇತರರು ನೋಡಿ ಹೇಳಿದ್ದನ್ನು ನಂಬಿರುವುದು ಯಾವುದು ಎಂಬ ಭೇದ ಮಕ್ಕಳಿಗೆ ಸ್ಪಷ್ಟವಾಗಿರಬೇಕೆಂದು ನಾನು ಬಯಸುತ್ತೇನೆ.

ಕೋಶಪೊರೆಗೆ ಉಪ್ಪಿನಕಾಯಿಯ ದಾರಿ

ಅಭಿಸರಣೆಯನ್ನು, ಅಂದರೆ ಪೊರೆಯ ಮೂಲಕ ನೀರು ತಿಳಿಯಾದ ದ್ರಾವಣದಿಂದ ಗಾಢವಾದ ದ್ರಾವಣದ ಕಡೆಗೆ ಸಾಗುವುದನ್ನು, ವ್ಯಾಖ್ಯೆಯಿಂದ ಆರಂಭಿಸಬೇಡಿ. ಮಾವಿನಕಾಯಿಯ ಹೋಳುಗಳಿಗೆ ಉಪ್ಪು ಬೆರೆಸಿ ರಾತ್ರಿ ಇಟ್ಟರೆ ಬೆಳಿಗ್ಗೆ ಜಾಡಿಯಲ್ಲಿ ನೀರು ನಿಂತಿರುವುದನ್ನು ಕಾಣದ ಮಗು ನಮ್ಮಲ್ಲಿ ಅಪರೂಪ. ‘ಯಾರೂ ನೀರು ಹಾಕಲಿಲ್ಲ, ಹಾಗಾದರೆ ಅದು ಎಲ್ಲಿಂದ ಬಂತು?’ ಎಂದು ಕೇಳಿರಿ. ಯೂರಿಯಾ ಹೆಚ್ಚಾದರೆ ಪೈರು ಸುಟ್ಟಂತಾಗುವುದನ್ನು ರೈತರ ಮಕ್ಕಳೇ ಮುಂದೆ ಬಂದು ಹೇಳುತ್ತಾರೆ. ಬಳಿಕ ಕೆಂಪು ಈರುಳ್ಳಿಯ ಎಸಳಿನ ಹೊರಮೈಯಿಂದ ನೇರಳೆ ಬಣ್ಣದ ಪದರವನ್ನು ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ತೋರಿಸಿರಿ. ಆ ಬಣ್ಣ ಇರುವುದು ರಸದಾನಿಯಲ್ಲಿ. ಕವರ್‌ಸ್ಲಿಪ್ಪಿನ ಒಂದು ಬದಿಗೆ ಉಪ್ಪುನೀರಿನ ಹನಿ ಹಾಕಿ, ಎದುರು ಬದಿಯಿಂದ ಸೋಸುಕಾಗದದ ತುಂಡಿನಿಂದ ನೀರನ್ನು ಹೀರಿದರೆ, ಕೆಲವೇ ನಿಮಿಷಗಳಲ್ಲಿ ನೇರಳೆ ಭಾಗವು ಕೋಶಭಿತ್ತಿಯಿಂದ ಬಿಟ್ಟು ಒಳಕ್ಕೆ ಕುಗ್ಗುತ್ತದೆ. ಅದುವರೆಗೆ ಭಿತ್ತಿಗೆ ಅಂಟಿಕೊಂಡಿದ್ದರಿಂದ ಬೇರೆಯಾಗಿ ಕಾಣದಿದ್ದ ಕೋಶಪೊರೆಯ ಅಂಚು ಈಗ ಗುರುತಿಗೆ ಬರುತ್ತದೆ. ಭಿತ್ತಿ ಆಕಾರ ಕೊಡುತ್ತದೆ, ಪೊರೆ ಯಾವುದು ಒಳಹೊರಗೆ ಹೋಗಬೇಕೆಂಬುದನ್ನು ನಿಯಂತ್ರಿಸುತ್ತದೆ ಎಂಬ ಎರಡು ವಾಕ್ಯಗಳನ್ನು ಹೇಳಲು ಇದೇ ತಕ್ಕ ಸಮಯ. ಶುದ್ಧ ನೀರು ಹಾಯಿಸಿದರೆ ಕೋಶ ಮತ್ತೆ ತುಂಬಿಕೊಳ್ಳುವುದನ್ನೂ, ಮೊದಲೇ ಕುದಿಸಿದ ಪದರದಲ್ಲಿ ಹೀಗೆ ಕುಗ್ಗುವುದು ನಡೆಯದಿರುವುದನ್ನೂ ತೋರಿಸಿದರೆ, ಈ ನಿಯಂತ್ರಣ ಜೀವಂತ ಕೋಶದ ಗುಣ ಎಂಬುದು ಸ್ಥಿರಪಡುತ್ತದೆ.

ವಿನೆಗರಿನಲ್ಲಿ ಚಿಪ್ಪು ಕರಗಿಸಿದ ಮೊಟ್ಟೆಯ ಪ್ರಯೋಗವೂ ಚೆನ್ನಾಗಿದೆ. ಆದರೆ ಅಲ್ಲಿ ಕಾಣುವುದು ಕೋಶಪೊರೆಯಲ್ಲ, ಚಿಪ್ಪಿನ ಒಳಗಿನ ಪದರ. ಆ ಪದರದಲ್ಲಿಯೂ ನೀರು ದಾಟುತ್ತದೆ ಎಂಬ ಹೋಲಿಕೆಯಷ್ಟನ್ನೇ ಹೇಳಿ ಅದನ್ನು ಬಿಡಬೇಕು.

ಕಣದಂಗಗಳನ್ನು ಪಟ್ಟಿಯಾಗಿ ಕಲಿಸದಿರುವುದು

ಕೋಶದೊಳಗಿನ ಕೆಲಸದ ಭಾಗಗಳೇ ಕಣದಂಗಗಳು. ಕೋಶವನ್ನು ಕಾರ್ಖಾನೆಗೋ ನಗರಕ್ಕೋ ಹೋಲಿಸಿ, ಕೋಶಕೇಂದ್ರ ವ್ಯವಸ್ಥಾಪಕ, ಮೈಟೋಕಾಂಡ್ರಿಯ ವಿದ್ಯುತ್ ಕೇಂದ್ರ ಎಂದು ಹೊಂದಿಸಿ ಬರೆಸುವ ಪದ್ಧತಿ ಬಹಳ ಪ್ರಚಲಿತ. ನೆನಪಿಗೆ ಅದು ನೆರವಾಗುತ್ತದೆ, ತಿಳಿವಳಿಕೆಗೆ ಅಷ್ಟಾಗಿ ಅಲ್ಲ. ಮೈಟೋಕಾಂಡ್ರಿಯ ಶಕ್ತಿಯನ್ನು ಹುಟ್ಟಿಸುತ್ತದೆ ಎಂದು ಮಕ್ಕಳು ಭಾವಿಸುತ್ತಾರೆ. ಆಹಾರದಲ್ಲಿರುವ ಶಕ್ತಿಯನ್ನು ಕೋಶಕ್ಕೆ ಬಳಸಲು ಬರುವ ಎಟಿಪಿ ರೂಪಕ್ಕೆ ಅದು ಪರಿವರ್ತಿಸುತ್ತದೆ ಎಂದು ಪ್ರತಿ ಸಲವೂ ಪೂರ್ತಿಯಾಗಿ ಹೇಳಬೇಕು. ಲೈಸೋಸೋಮ್‌ಗಳನ್ನು ‘ಆತ್ಮಹತ್ಯಾ ಸಂಚಿಗಳು’ ಎನ್ನುವ ರೂಢಿಯನ್ನು ನಾನು ಕೈಬಿಟ್ಟಿದ್ದೇನೆ. ಅವುಗಳ ನಿತ್ಯದ ಕೆಲಸ ಹಳೆಯ, ಕೆಟ್ಟ ಭಾಗಗಳನ್ನು ಜೀರ್ಣಿಸಿ ಮತ್ತೆ ಬಳಸಲು ಒದಗಿಸುವುದು. ಆ ಅಡ್ಡಹೆಸರು ಈ ಕೆಲಸವನ್ನೇ ಮರೆಮಾಡುತ್ತದೆ.

ಇವೆಲ್ಲಕ್ಕೆ ಬದಲಾಗಿ ಒಂದು ವಸ್ತುವಿನ ಪ್ರಯಾಣವನ್ನು ಹಿಂಬಾಲಿಸಿರಿ. ಎಲ್ಲರಿಗೂ ಒಂದೊಂದು ಹಿಡಿ ಅವಲಕ್ಕಿ ಕೊಟ್ಟು, ನುಂಗದೆ ಎರಡು ನಿಮಿಷ ಅಗಿಯಲು ಹೇಳಿರಿ. ಬಾಯಿ ಸಿಹಿಯಾಗತೊಡಗುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದು ಸಕ್ಕರೆಯಾಗಿಸಿದೆ. ಅಮೈಲೇಸ್ ಒಂದು ಪ್ರೋಟೀನ್, ಅದನ್ನು ಮಾಡಿದ್ದು ಜೊಲ್ಲುಗ್ರಂಥಿಯ ಕೋಶಗಳು. ಅಲ್ಲಿಂದ ಪ್ರಶ್ನೆಗಳು ಒಂದರ ಹಿಂದೆ ಒಂದು ಬರಲಿ. ಅದನ್ನು ಹೇಗೆ ಮಾಡಬೇಕೆಂಬ ವಿವರ ಎಲ್ಲಿದೆ? ಕೋಶಕೇಂದ್ರದ ವರ್ಣತಂತುಗಳಲ್ಲಿರುವ ಡಿಎನ್‌ಎಯಲ್ಲಿ. ಡಿಎನ್‌ಎ ಹೊರಗೆ ಹೋಗದಿದ್ದರೆ ವಿವರ ಹೊರಗೆ ತಲುಪುವುದು ಹೇಗೆ? ಅದರ ನಕಲಾದ ಆರ್‌ಎನ್‌ಎ ಕೋಶಕೇಂದ್ರದ ರಂಧ್ರಗಳ ಮೂಲಕ ಹೊರಬರುತ್ತದೆ. ಅದನ್ನು ಓದಿ ಪ್ರೋಟೀನನ್ನು ಪೋಣಿಸುವವು ರೈಬೋಸೋಮ್‌ಗಳು. ಅವು ಕುಳಿತಿರುವುದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಒಳಪೊರೆಗಳ ಜಾಲದ ಮೇಲೆ. ಅಲ್ಲಿಂದ ಪ್ರೋಟೀನು ಗಾಲ್ಗಿ ಸಂಕೀರ್ಣಕ್ಕೆ ಸಾಗಿ, ತಿದ್ದುಪಡಿಗೊಂಡು, ಕೋಶಿಕೆಗಳೆಂಬ ಪುಟ್ಟ ಪೊರೆಚೀಲಗಳಲ್ಲಿ ತುಂಬಿಕೊಳ್ಳುತ್ತದೆ; ಆ ಚೀಲಗಳು ಕೋಶಪೊರೆಯನ್ನು ಕೂಡಿದಾಗ ಹೊರಕ್ಕೆ ಸುರಿಯುತ್ತದೆ. ಈ ಇಡೀ ಕೆಲಸಕ್ಕೆ ಬೇಕಾದ ಎಟಿಪಿಯ ಬಹುಪಾಲನ್ನು ಒದಗಿಸುವುದು ಮೈಟೋಕಾಂಡ್ರಿಯ. ಇಂತಹ ಮಾರ್ಗವನ್ನು ಜೀವಕೋಶ ವಿಜ್ಞಾನಿ ಜಾರ್ಜ್ ಪಲಾಡೆ ಮತ್ತು ಅವರ ಸಂಗಡಿಗರು ಗಿನಿಯಿಲಿಯ ಮೇದೋಜೀರಕ ಗ್ರಂಥಿಯ ಕೋಶಗಳಲ್ಲಿ ವಿಕಿರಣಶೀಲ ಅಮೈನೋ ಆಮ್ಲಗಳ ಜಾಡು ಹಿಡಿದು ಕಂಡುಕೊಂಡರು. ಕೋಶದ ರಚನೆ ಮತ್ತು ಕಾರ್ಯದ ಸಂಶೋಧನೆಗಾಗಿ ಪಲಾಡೆ, ಆಲ್ಬರ್ಟ್ ಕ್ಲೋಡ್ ಮತ್ತು ಕ್ರಿಸ್ಟಿಯನ್ ಡಿ ಡೂವ್ ಅವರಿಗೆ 1974ರ ನೊಬೆಲ್ ಪಾರಿತೋಷಕ ದೊರೆಯಿತು. ಈ ಪ್ರಯಾಣವನ್ನು ಮಕ್ಕಳು ಒಂದು ಪುಟದಷ್ಟು ತಮ್ಮ ಮಾತಿನಲ್ಲಿ ಬರೆದರೆ ಆರು ಹೆಸರುಗಳು ಅವುಗಳ ಕೆಲಸದೊಂದಿಗೆ ಕೂಡಿಯೇ ಅವರಲ್ಲಿ ಉಳಿಯುತ್ತವೆ.

ಮಾದರಿಗಳ ಬಗ್ಗೆ ಒಂದು ಮಾತು. ಥರ್ಮೊಕೋಲಿನ ಚಪ್ಪಟೆ ಮಾದರಿಗಳು ಕೋಶವು ಚಪ್ಪಟೆಯಾಗಿದೆ ಎಂಬ ತಪ್ಪು ಕಲ್ಪನೆಯನ್ನೇ ಗಟ್ಟಿಮಾಡುತ್ತವೆ. ಪಾರದರ್ಶಕ ಡಬ್ಬಿಯೊಳಗೆ ನೀರು ತುಂಬಿದ ಪ್ಲಾಸ್ಟಿಕ್ ಚೀಲವನ್ನಿಟ್ಟು, ಚೀಲದೊಳಗೆ ಜೇಡಿಮಣ್ಣಿನ ಉಂಡೆಗಳನ್ನೂ ನೀರು ತುಂಬಿದ ಬಲೂನನ್ನೂ ಇಟ್ಟರೆ ಭಿತ್ತಿ, ಪೊರೆ, ಕೋಶಕೇಂದ್ರ, ರಸದಾನಿಗಳ ಜಾಗ ಮೂರು ಆಯಾಮಗಳಲ್ಲಿ ಕಾಣುತ್ತದೆ.

ಕಲಿತದ್ದನ್ನು ಪರೀಕ್ಷಿಸುವುದು

‘ಮೈಟೋಕಾಂಡ್ರಿಯದ ಕಾರ್ಯವನ್ನು ಬರೆಯಿರಿ’ ಎಂಬ ಪ್ರಶ್ನೆಗೆ ಬಾಯಿಪಾಠ ಸಾಕು. ಅದಕ್ಕೆ ಬದಲಾಗಿ, ಹೃದಯದ ಸ್ನಾಯುವಿನ ಕೋಶದಲ್ಲಿ ಮೈಟೋಕಾಂಡ್ರಿಯಗಳು ಏಕೆ ಅಷ್ಟೊಂದು ಇವೆ ಎಂದು ಕೇಳಬಹುದು. ಮನುಷ್ಯನ ಬಲಿತ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರವಿಲ್ಲ, ಅದು ಸುಮಾರು 120 ದಿನ ಬದುಕುತ್ತದೆ. ಅದು ವಿಭಜನೆಗೊಂಡು ತನ್ನಂತಹ ಮತ್ತೊಂದನ್ನು ಕೊಡಬಲ್ಲುದೇ ಎಂದು ಕೇಳಬಹುದು. ಹೆಸರಿಲ್ಲದ ಸ್ಲೈಡೊಂದನ್ನು ಕೊಟ್ಟು, ಇದು ಸಸ್ಯದ್ದೋ ಪ್ರಾಣಿಯದ್ದೋ, ಯಾವ ಆಧಾರದಿಂದ ಹೇಳುತ್ತೀರಿ ಎಂದು ಕೇಳುವುದು ಇನ್ನೂ ಒಳ್ಳೆಯದು. ಉತ್ತರ ತಪ್ಪಾಗಿದ್ದರೂ ಆಧಾರ ಸರಿಯಾಗಿದ್ದರೆ ಅದಕ್ಕೆ ಅಂಕ ಕೊಡಿರಿ.

ಕೊನೆಯ ಅವಧಿಯಲ್ಲಿ, ಮೊದಲ ದಿನ ಸಂಗ್ರಹಿಸಿದ ಹಾಳೆಗಳನ್ನು ಹಿಂದಿರುಗಿಸಿ, ಅದರ ಪಕ್ಕದಲ್ಲಿಯೇ ಈಗ ಗೊತ್ತಿರುವ ಈರುಳ್ಳಿಯ ಕೋಶವನ್ನು ಬರೆಯಲು ಹೇಳಿರಿ, ಅಳತೆಯನ್ನೂ ನಮೂದಿಸಲಿ. ಮಕ್ಕಳು ಬರೆಯುತ್ತಿರುವಾಗ ಸೂಕ್ಷ್ಮದರ್ಶಕದ ಮಸೂರಗಳನ್ನು ಮೃದುವಾದ ಬಟ್ಟೆಯಿಂದ ಒರೆಸಿ, ಸಿಲಿಕಾ ಜೆಲ್‌ನ ಪೊಟ್ಟಣದೊಂದಿಗೆ ಪೆಟ್ಟಿಗೆಯಲ್ಲಿಡಿ. ಮಲೆನಾಡು ಮತ್ತು ಕರಾವಳಿಯ ಶಾಲೆಗಳಲ್ಲಿ ಈ ಪೊಟ್ಟಣವಿಲ್ಲದೆ ಮಳೆಗಾಲ ಕಳೆದರೆ ಮಸೂರದ ಮೇಲೆ ಬೂಷ್ಟು ಬೆಳೆದು, ಮುಂದಿನ ವರ್ಷದ ಮಕ್ಕಳಿಗೆ ಏನೂ ಕಾಣದಂತಾಗುತ್ತದೆ.